ರುಜು ಹಾಕುವ ಮೊದಲು: ರಗ್ಬಿ ಆಟಕ್ಕೆ ಮಕ್ಕಳೂ ಹೆತ್ತವರೂ ಸಿದ್ಧರಾಗಬೇಕಾದ ಬಗೆ

ಕಳೆದ ತಿಂಗಳು ಅಡಿಕೆ ತೂಕದ ದಿನ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದರು. ಮೂರು ಎಕರೆ ಕಾಫಿ, ಅದರ ಕೆಳಗೆ ಒಂದೂವರೆ ಎಕರೆ ಅಡಿಕೆ ತೋಟ ಇರುವ ಸಣ್ಣ ಹಿಡುವಳಿದಾರರು. ಮಗ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಎಂಟನೆಯ ತರಗತಿ ಓದುತ್ತಿದ್ದಾನೆ. ತೂಕದ ಚೀಟಿ ಪಡೆದಾದ ಮೇಲೂ ಅವರು ಹೋಗಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಕಾರ್ಯದರ್ಶಿಗಳೇ, ಶಾಲೆಯವರು ಆಟಕ್ಕೆ ಒಪ್ಪಿಗೆ ಕೇಳಿ ಕಳಿಸಿದ್ದಾರೆ. ರಗ್ಬಿಯಂತೆ. ಪೆಟ್ಟಾದರೆ ನಾವು ಜವಾಬ್ದಾರರಲ್ಲ ಅಂತಲೂ ಇದೆ. ಹುಡುಗನದು ಫೋನಿನಲ್ಲಿ ಒಂದೇ ಹಠ. ಅವನ ಅಮ್ಮ ಬೇಡವೇ ಬೇಡ ಅಂತಾಳೆ. ರುಜು ಹಾಕಲೋ ಬೇಡವೋ, ನೀವೇ ಹೇಳಿ ಮಾರಾಯ್ರೆ.”

ಸಾಲದ ಜಾಮೀನು ಪತ್ರಕ್ಕೆ ಓದದೆಯೇ ರುಜು ಹಾಕುವ ನಮ್ಮ ಸದಸ್ಯರಲ್ಲಿ ಒಬ್ಬರಾದರೂ ಓದಿ ನೋಡಿ ಕೇಳಿದರಲ್ಲ ಎಂದು ಮೊದಲು ಸಂತೋಷವಾಯಿತು. ಆದರೆ ಆ ಪ್ರಶ್ನೆಗೆ ಹಗುರವಾಗಿ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಏಕೆಂದರೆ ಇದೇ ಆಟದ ಮೈದಾನದ ಅಂಚಿನಲ್ಲಿ ನಿಂತು ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಅವರಿಗೆ ಹೇಳಿದೆ. ನಮ್ಮ ಸದಸ್ಯರ ಮಕ್ಕಳು, ಮೊಮ್ಮಕ್ಕಳು ಹಲವರು ಪಟ್ಟಣಗಳಲ್ಲಿಯೂ ಹೊರದೇಶಗಳಲ್ಲಿಯೂ ಇರುವುದರಿಂದ, ಆ ದಿನ ಹೇಳಿದ್ದನ್ನೂ ಅನಂತರ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಎಲ್ಲರ ಅವಗಾಹನೆಗೆ ಬರೆದಿದ್ದೇನೆ.

ಹ್ಯಾಮಿಲ್ಟನ್ನಿನ ಒಂದು ಶನಿವಾರ

ನನ್ನ ತಮ್ಮ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದಲ್ಲಿ ನೆಲೆಸಿದ್ದಾನೆ. ೨೦೨೩ರ ಮೇ ತಿಂಗಳಲ್ಲಿ, ಹೂಮಳೆಯ ಕೆಲಸವೆಲ್ಲ ಮುಗಿದು ಮೊದಲ ಬೋರ್ಡೋ ಸಿಂಪಡಣೆಗೆ ಇನ್ನೂ ಸಮಯವಿದ್ದಾಗ, ಮೂರು ವಾರ ಅವನ ಮನೆಯಲ್ಲಿದ್ದು ಬಂದೆ. ನಮ್ಮ ಬೇಸಿಗೆ ಅಲ್ಲಿ ಚಳಿಗಾಲದ ಬಾಗಿಲು. ರಗ್ಬಿ ಅಲ್ಲಿನ ಚಳಿಗಾಲದ ಆಟ. ಶನಿವಾರ ಬೆಳಗಾಯಿತೆಂದರೆ ಊರಿಗೆ ಊರೇ ಒದ್ದೆ ಹುಲ್ಲಿನ ಮೈದಾನಗಳ ಸುತ್ತ ನಿಂತಿರುತ್ತದೆ. ತಮ್ಮನ ಮಗನಿಗೆ ಆಗ ಹದಿನಾಲ್ಕು ವರ್ಷ; ಶಾಲೆಯ ತಂಡದಲ್ಲಿ ಆಡುತ್ತಿದ್ದ.

ಎರಡನೆಯ ಶನಿವಾರದ ಪಂದ್ಯದಲ್ಲಿ ಅವನು ಓಡಿ ಬರುತ್ತಿದ್ದ ಹುಡುಗನೊಬ್ಬನನ್ನು ಹಿಡಿಯಲು ಬಗ್ಗಿದಾಗ ಆ ಹುಡುಗನ ಮೊಣಕಾಲು ಇವನ ಕಪಾಳಕ್ಕೆ ತಾಗಿತು. ಬಿದ್ದವನು ಎದ್ದು ನಿಂತ, ಆಟ ಮುಂದುವರಿಯಿತು. ಅರ್ಧ ಸಮಯದ ವಿರಾಮದಲ್ಲಿ ನೀರು ಕುಡಿಯುವ ನೆಪ ಮಾಡಿಕೊಂಡು ನನ್ನ ಬಳಿಗೆ ಬಂದು, ಕನ್ನಡದಲ್ಲಿ, ಬೇರೆಯವರಿಗೆ ತಿಳಿಯದ ಹಾಗೆ ಹೇಳಿದ: “ದೊಡ್ಡಪ್ಪಾ, ತಲೆ ಭಾರ ಆಗಿದೆ. ಅಪ್ಪನಿಗೆ ಹೇಳ್ಬೇಡಿ, ಆಟದಿಂದ ತೆಗೆದುಬಿಡ್ತಾರೆ.”

ಕಾಲೇಜಿನಲ್ಲಿದ್ದಾಗ ನಾನು ಕಬಡ್ಡಿ ಆಡಿದವನು. ಆ ಜಂಬ ಇನ್ನೂ ಇತ್ತು. “ಗಂಡು ಹುಡುಗ ಇಷ್ಟಕ್ಕೆಲ್ಲ ಕೂತುಬಿಡ್ತಾನೇನೋ? ಹೋಗು, ಆಡು” ಎಂದು ಬೆನ್ನು ತಟ್ಟಿದೆ. ಅವನು ಹೋದ. ಹತ್ತು ನಿಮಿಷವೂ ಕಳೆದಿರಲಿಲ್ಲ. ತನ್ನ ತಂಡ ಒಂದು ಕಡೆ ನಿಂತಿದ್ದರೆ ಇವನು ಎದುರು ತಂಡದ ಸಾಲಿನಲ್ಲಿ ಹೋಗಿ ನಿಂತ. ರೆಫರಿ ಸೀಟಿ ಊದಿ ಅವನ ಮುಖ ನೋಡಿ ಜೇಬಿನಿಂದ ನೀಲಿ ಚೀಟಿಯೊಂದನ್ನು ತೆಗೆದು ತೋರಿಸಿದರು. ಕೆಂಪು ಚೀಟಿ, ಹಳದಿ ಚೀಟಿ ಶಿಕ್ಷೆಗೆ. ನೀಲಿ ಚೀಟಿ ಶಿಕ್ಷೆಯಲ್ಲ. ಈ ಆಟಗಾರನ ಮಿದುಳಿಗೆ ಪೆಟ್ಟಾಗಿರುವ ಸಂಶಯವಿದೆ, ಇಂದು ಇವನು ಮತ್ತೆ ಆಡಕೂಡದು, ವೈದ್ಯರು ನೋಡಬೇಕು ಎಂಬ ಅಪ್ಪಣೆ. ಅದನ್ನು ಯಾರೂ ಪ್ರಶ್ನಿಸುವಂತಿಲ್ಲ.

ತರಬೇತುದಾರರು ಬಂದು, ಮೊದಲೇ ಏನಾದರೂ ಹೇಳಿದ್ದನೇ ಎಂದು ಕೇಳಿದರು. ತಮ್ಮ ನನ್ನ ಮುಖ ನೋಡಿದ. ನಾನು ಹೇಳಲೇಬೇಕಾಯಿತು. ಐವತ್ತು ದಾಟಿದ ಮೇಲೆ ಅಷ್ಟು ಚಿಕ್ಕವನಾದದ್ದು ನನಗೆ ನೆನಪಿಲ್ಲ. ಅವರು ಬೈಯಲಿಲ್ಲ. ಬುಧವಾರ ಸಂಜೆ ಹೆತ್ತವರ ಸಭೆಯಿದೆ, ತಾವೂ ಬನ್ನಿ ಎಂದಷ್ಟೇ ಹೇಳಿದರು. ಹೋದೆ. ಹುಡುಗ ಗುಣವಾದ. ಆದರೆ ಮೂರು ವಾರ ದಾಟಿ, ವೈದ್ಯರು ಬರೆದುಕೊಟ್ಟ ಮೇಲೆಯೇ ಅವನನ್ನು ಮತ್ತೆ ಪಂದ್ಯಕ್ಕೆ ಇಳಿಸಿದ್ದು. ಅಷ್ಟರಲ್ಲಿ ನಾನು ಊರಿಗೆ ಮರಳಿದ್ದೆ.

ಈ ಆಟ ಯಾವುದು?

ನಮ್ಮಲ್ಲಿ ಅನೇಕರಿಗೆ ರಗ್ಬಿಯ ಪರಿಚಯವಿಲ್ಲದಿರುವುದರಿಂದ ನಾಲ್ಕು ಮಾತು. ಚೆಂಡು ಮೊಟ್ಟೆಯಾಕಾರದ್ದು. ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ. ಅದಕ್ಕೆ ಟ್ರೈ ಎನ್ನುತ್ತಾರೆ. ಪೂರ್ಣ ತಂಡಕ್ಕೆ ಹದಿನೈದು ಜನ. ಏಳು ಜನರ ಚಿಕ್ಕ ಆಟವೂ ಇದೆ. ಅದು ೨೦೧೬ರ ರಿಯೊ ಒಲಿಂಪಿಕ್ಸ್‌ನಲ್ಲಿ ಸೇರಿತು. ಚೆಂಡು ಹಿಡಿದವನನ್ನು ತೋಳುಗಳಿಂದ ಬಳಸಿ ಕೆಡವುವುದು ಟ್ಯಾಕಲ್. ಹೆಗಲಿಗಿಂತ ಮೇಲೆ ಹಿಡಿಯುವುದು ಅಪರಾಧ. ಎರಡು ತಂಡಗಳ ಮುಂದಾಳುಗಳು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವುದು ಸ್ಕ್ರಮ್. ಪೆಟ್ಟಿನ ಅಪಾಯ ಹೆಚ್ಚಾಗಿ ಇರುವುದು ಟ್ಯಾಕಲ್‌ನಲ್ಲಿ. ಕತ್ತಿನ ಹುರಿಗೆ ಕೆಡುಕಾಗುವ ಭಯ ಸ್ಕ್ರಮ್‌ನಲ್ಲಿಯೂ ಇದೆ.

ಇದು ನಮ್ಮ ದೇಶಕ್ಕೆ ನಿನ್ನೆ ಬಂದ ಆಟವೂ ಅಲ್ಲ. ೧೮೭೩ರಲ್ಲಿ ಕಲ್ಕತ್ತದಲ್ಲಿ ಸ್ಥಾಪನೆಯಾದ ಕ್ಲಬ್ಬೊಂದು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದಾಗ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿತು. ಹಿಡಿಕೆಗಳಿಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. ೧೮೭೯ರಿಂದ ಇಂಗ್ಲೆಂಡು, ಸ್ಕಾಟ್ಲೆಂಡುಗಳು ಆಡುವುದು ಆ ಕಲ್ಕತ್ತ ಕಪ್ಪಿಗಾಗಿಯೇ. ೨೦೦೭ರಲ್ಲಿ ಭುವನೇಶ್ವರದ ಕಳಿಂಗ ಸಂಸ್ಥೆಯ ಆದಿವಾಸಿ ಹುಡುಗರು ಲಂಡನ್ನಿನಲ್ಲಿ ಹದಿನಾಲ್ಕು ವರ್ಷದೊಳಗಿನವರ ಅಂತರರಾಷ್ಟ್ರೀಯ ಶಾಲಾ ಪಂದ್ಯಾವಳಿಯನ್ನು ಗೆದ್ದು ಬಂದರು. ೨೦೨೫ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನ ಆರು ತಂಡಗಳಲ್ಲಿ ಒಂದು ಬೆಂಗಳೂರಿನ ಹೆಸರಿನದು. ಆದುದರಿಂದ ಇಂಥ ಒಪ್ಪಿಗೆ ಕಾಗದಗಳು ಇನ್ನೂ ಬರಬಹುದು.

ಸಸಿಯನ್ನು ಒಮ್ಮೆಲೇ ಬಿಸಿಲಿಗೆ ಇಡುವುದಿಲ್ಲ

ಕಾಫಿ ಸಸಿಯನ್ನು ಪಾತಿಯ ಚಪ್ಪರದಿಂದ ಎತ್ತಿ ಒಂದೇ ದಿನ ಬಯಲಿಗೆ ನಾಟಿ ಮಾಡುವ ಬೆಳೆಗಾರನಿಲ್ಲ. ನೆರಳನ್ನು ದಿನದಿನಕ್ಕೆ ಕಡಿಮೆ ಮಾಡಿ ಗಟ್ಟಿ ಮಾಡುತ್ತೇವೆ. ಈ ಆಟ ಬಲ್ಲ ದೇಶಗಳಲ್ಲಿ ಮಕ್ಕಳನ್ನು ಹೀಗೆಯೇ ಬೆಳೆಸುತ್ತಾರೆ. ಇಂಗ್ಲೆಂಡಿನಲ್ಲಿ ಏಳು ಮತ್ತು ಎಂಟು ವರ್ಷದೊಳಗಿನವರ ದರ್ಜೆಗಳಲ್ಲಿ ಕೆಡವುವುದೇ ಇಲ್ಲ; ಸೊಂಟದ ಪಟ್ಟಿಗೆ ಅಂಟಿಸಿದ ಬಟ್ಟೆಯ ತುಂಡನ್ನು ಕಿತ್ತುಕೊಂಡರೆ ಹಿಡಿದಂತೆ ಲೆಕ್ಕ. ಒಂಬತ್ತರ ದರ್ಜೆಯಿಂದ ಟ್ಯಾಕಲ್ ಮೆಲ್ಲಗೆ ಆರಂಭ. ನ್ಯೂಜಿಲೆಂಡಿನಲ್ಲಿಯೂ ಚಿಕ್ಕವರದು ಪಟ್ಟಿ ಕೀಳುವ ಆಟವೇ. ಅದಕ್ಕೆ ರಿಪ್ಪಾ ಎಂದು ಹೆಸರು. ದರ್ಜೆ ಏರಿದ ಹಾಗೆ ಆಟಗಾರರ ಸಂಖ್ಯೆಯೂ ಮೈದಾನದ ಅಳತೆಯೂ ಏರುತ್ತವೆ. ಆಕ್ಲೆಂಡಿನಲ್ಲಿ ಮಕ್ಕಳನ್ನು ವಯಸ್ಸಿನಿಂದ ಮಾತ್ರವಲ್ಲದೆ ಮೈತೂಕದಿಂದಲೂ ವಿಂಗಡಿಸುವ ಪದ್ಧತಿಯಿದೆ. ಹದಿಮೂರರ ವಯಸ್ಸಿನಲ್ಲಿ ಒಬ್ಬ ಮೂವತ್ತೈದು ಕಿಲೋ, ಇನ್ನೊಬ್ಬ ಅರವತ್ತೈದು ಕಿಲೋ ಇರುವುದು ನಮಗೂ ಗೊತ್ತಿರುವ ಸಂಗತಿಯೇ.

ಹತ್ತೊಂಬತ್ತು ವರ್ಷದೊಳಗಿನವರ ಸ್ಕ್ರಮ್‌ಗೆ ಬೇರೆ ನಿಯಮವುಂಟು: ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳುವಂತಿಲ್ಲ. ೨೦೨೩–೨೪ರ ಋತುವಿನಿಂದ ಇಂಗ್ಲೆಂಡಿನ ಹವ್ಯಾಸಿ ಆಟದಲ್ಲಿ ಟ್ಯಾಕಲ್‌ನ ಎತ್ತರವನ್ನು ಎದೆಮೂಳೆಯ ಕೆಳತುದಿಗೆ ಇಳಿಸಿದ್ದಾರೆ. ತಲೆಗೆ ತಲೆ ತಾಗುವುದು ಕಡಿಮೆಯಾಗಲೆಂದೇ ಈ ಏರ್ಪಾಟು.

ನಮ್ಮ ಹುಡುಗರು ಎಂಟನೆಯ ತರಗತಿಯಲ್ಲಿ ಮೊದಲ ಸಲ ಚೆಂಡು ಮುಟ್ಟುವವರು. ವಯಸ್ಸು ಹದಿಮೂರಾದರೂ ಆಟದಲ್ಲಿ ಏಳು ವರ್ಷದ ಮಗುವೇ. ಮೊದಲು ಪಟ್ಟಿ ಕೀಳುವ ಆಟ, ಚೆಂಡು ಕೊಡುವುದು, ಹಿಡಿಯುವುದು. ಆಮೇಲೆ ಬೀಳುವುದನ್ನು ಕಲಿಯುವುದು. ಹೌದು, ಬೀಳುವುದಕ್ಕೂ ವಿದ್ಯೆ ಬೇಕು. ಚೆಂಡನ್ನು ಎದೆಗೆ ಅಪ್ಪಿ, ಗದ್ದವನ್ನು ಎದೆಯ ಕಡೆಗೆ ಒತ್ತಿ, ಪೃಷ್ಠ ಮತ್ತು ಹೆಗಲ ಮೇಲೆ ಉರುಳಬೇಕು. ಕೈ ಚಾಚಿ ನೆಲಕ್ಕೆ ಊರಿದರೆ ಮಣಿಕಟ್ಟೋ ಕೊರಳೆಲುಬೋ ಮುರಿಯುತ್ತದೆ.

ಅದಾದ ಮೇಲೆ ಟ್ಯಾಕಲ್. ಮೊದಲು ಇಬ್ಬರೂ ಮಂಡಿಯೂರಿ, ಬಳಿಕ ನಡೆಯುತ್ತ, ಕಡೆಗೆ ಓಡುತ್ತ ಅಭ್ಯಾಸ. ಹತ್ತಿರ ಹೋಗಿ ಕಾಲೂರಬೇಕು, ಕಣ್ಣು ತೆರೆದಿರಬೇಕು, ಹೆಗಲು ತಾಗಿಸಿ ಎರಡೂ ತೋಳಿನಿಂದ ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ತಲೆ ಓಡುವವನ ಮೈಯ ಪಕ್ಕಕ್ಕೆ ಅಥವಾ ಹಿಂದಕ್ಕೆ ಇರಬೇಕು; ಅವನ ಮುಂದೆ ಅಡ್ಡ ಇರಲೇಕೂಡದು. ಇದು ದೇಹಕ್ಕೆ ರೂಢಿಯಾಗುವವರೆಗೆ ಪಂದ್ಯಕ್ಕೆ ಇಳಿಸುವುದು ಅನ್ಯಾಯ.

ಸರಿಯಾಗಿ ಕಲಿಸಿದರೆ ಪ್ರಯೋಜನವುಂಟೇ ಎಂದರೆ, ಉಂಟು. ನ್ಯೂಜಿಲೆಂಡ್ ೨೦೦೧ರಲ್ಲಿ ರಗ್ಬಿಸ್ಮಾರ್ಟ್ ಎಂಬ ಯೋಜನೆ ತಂದು, ತರಬೇತುದಾರರೂ ರೆಫರಿಗಳೂ ಪ್ರತಿವರ್ಷ ಸುರಕ್ಷತೆಯ ಪಾಠಕ್ಕೆ ಹಾಜರಾಗಲೇಬೇಕೆಂದು ವಿಧಿಸಿತು. ಹಿಂದಿನ ಅನುಭವದ ಪ್ರಕಾರ ೨೦೦೧ರಿಂದ ೨೦೦೫ರವರೆಗೆ ಬೆನ್ನುಹುರಿಯ ಶಾಶ್ವತ ಗಾಯಗಳು ಸುಮಾರು ಹತ್ತೊಂಬತ್ತು ಆಗಬಹುದೆಂದು ಲೆಕ್ಕವಿತ್ತು, ಆದದ್ದು ಎಂಟು. ಸ್ಕ್ರಮ್‌ನಲ್ಲಿ ಒಂಬತ್ತರ ನಿರೀಕ್ಷೆಯಿದ್ದಲ್ಲಿ ಒಂದು. ಇಂಗ್ಲೆಂಡಿನ ಶಾಲೆಗಳಲ್ಲಿ ನಡೆಸಿ ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಟಕ್ಕೆ ಮೊದಲು ಇಪ್ಪತ್ತು ನಿಮಿಷ ಸಮತೋಲನ, ಕತ್ತಿನ ಬಲ, ನೆಗೆದು ಇಳಿಯುವ ರೀತಿ ಇವುಗಳ ಕಸರತ್ತನ್ನು ವಾರಕ್ಕೆ ಮೂರು ಸಲ ಮಾಡಿದ ತಂಡಗಳಲ್ಲಿ ಗಾಯಗಳು ಶೇಕಡಾ ೭೨ರಷ್ಟೂ ಮಿದುಳಿನ ಪೆಟ್ಟು ಶೇಕಡಾ ೫೯ರಷ್ಟೂ ಕಡಿಮೆ ಕಂಡವು. ಖರ್ಚು ಒಂದು ಕಾಸೂ ಇಲ್ಲ. ಸರಿಯಾದ ಹೊತ್ತಿಗೆ ಬೋರ್ಡೋ ಹೊಡೆದವನ ತೋಟಕ್ಕೂ ಹೊಡೆಯದವನ ತೋಟಕ್ಕೂ ಇರುವ ವ್ಯತ್ಯಾಸವನ್ನು ನಾವು ಬಲ್ಲೆವಲ್ಲ.

ತಲೆಯ ಪೆಟ್ಟು

ಇನ್ನು ನಾನು ತಪ್ಪಿದ ವಿಷಯಕ್ಕೆ ಬರುತ್ತೇನೆ. ತಲೆಗೆ ಪೆಟ್ಟು ಬಿದ್ದಾಗ ಅಥವಾ ದೇಹಕ್ಕೆ ಜೋರಾಗಿ ಏಟು ಬಿದ್ದು ತಲೆ ಅಲುಗಿದಾಗ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಕೆಡುತ್ತದೆ. ಇದಕ್ಕೆ ಕನ್ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಬಹಳ ಸಲ ತಪ್ಪುವುದಿಲ್ಲ. ರಕ್ತ ಬರುವುದಿಲ್ಲ, ಊದಿಕೊಳ್ಳುವುದಿಲ್ಲ. ತಲೆನೋವು, ತಲೆಭಾರ, ಮಂಕು, ಓಕರಿಕೆ, ಬೆಳಕು ಕಂಡರೆ ಕಿರಿಕಿರಿ, ಹೇಳಿದ್ದು ತಲೆಗೆ ಹತ್ತದಿರುವುದು, ಸುಮ್ಮನೆ ಅಳು ಬರುವುದು, ಇವು ಲಕ್ಷಣಗಳು. ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳುವುದೂ ಉಂಟು.

ಆ ಸ್ಥಿತಿಯಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಬೆಳೆಯುವ ಮಕ್ಕಳ ಮಿದುಳು ಒಮ್ಮೆಲೇ ಊದಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ೨೦೧೧ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಹದಿನಾಲ್ಕು ವರ್ಷದ ಹುಡುಗನೊಬ್ಬ ಶಾಲಾ ರಗ್ಬಿ ಪಂದ್ಯದಲ್ಲಿ ಪೆಟ್ಟು ತಿಂದೂ ಆಡುತ್ತ ಹೋಗಿ, ಮೈದಾನದಲ್ಲಿ ಕುಸಿದು ತೀರಿಕೊಂಡ. ೨೦೧೩ರಲ್ಲಿ ಕೆನಡಾದ ಒಟ್ಟಾವದಲ್ಲಿ ರೋವನ್ ಸ್ಟ್ರಿಂಗರ್ ಎಂಬ ಹದಿನೇಳರ ಹುಡುಗಿ, ಶಾಲಾ ತಂಡದ ನಾಯಕಿ, ಒಂದೇ ವಾರದೊಳಗೆ ಮತ್ತೆ ಮತ್ತೆ ತಲೆಗೆ ಪೆಟ್ಟಾಗಿ ತೀರಿಕೊಂಡಳು. ತನಗೆ ಏನೋ ಆಗಿದೆಯೆಂಬ ಸಂಶಯ ಅವಳಿಗೇ ಬಂದಿತ್ತು, ಗೆಳತಿಯರಿಗೆ ಹೇಳಿಕೊಂಡಿದ್ದಳು, ತಂದೆತಾಯಿಗಳಿಗೆ ಹೇಳಿರಲಿಲ್ಲ. ಒಂಟಾರಿಯೊ ಪ್ರಾಂತ್ಯ ೨೦೧೮ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಮಾಡಿತು: ಸಂಶಯ ಬಂದೊಡನೆ ಆಟದಿಂದ ತೆಗೆಯಬೇಕು, ವೈದ್ಯರ ಒಪ್ಪಿಗೆಯಿಲ್ಲದೆ ಮರಳಿಸಕೂಡದು.

ಈ ಸಂಗತಿಗಳನ್ನು ಆ ಬುಧವಾರದ ಸಭೆಯಿಂದ ಬಂದ ಮೇಲೆ, ತಮ್ಮನ ಮನೆಯಲ್ಲಿ ಕುಳಿತು ಓದಿದೆ. ನನ್ನ ಬಳಿಗೆ ಬಂದು ಹೇಳಿದ ಹುಡುಗನ ಬಾಯಿಯನ್ನು ನಾನೇ ಮುಚ್ಚಿಸಿದ್ದೆ ಎಂಬುದು ಅರಿವಾಗಿ ಆ ರಾತ್ರಿ ನಿದ್ರೆ ಬರಲಿಲ್ಲ.

ನೆನಪಿಡಬೇಕಾದದ್ದು ಇಷ್ಟು. ಸಂಶಯವಿದ್ದರೆ ಆ ದಿನದ ಆಟ ಮುಗಿಯಿತು. “ಈಗ ಪರವಾಗಿಲ್ಲ” ಎಂದರೂ ಕೇಳಬಾರದು. ಮೊದಲ ಕೆಲವು ಗಂಟೆ ಒಬ್ಬನನ್ನೇ ಬಿಡಬಾರದು. ಕತ್ತು ನೋವು, ಪದೇಪದೇ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಎಚ್ಚರಿಸಲಾಗದ ಮಂಪರು, ಫಿಟ್ಸ್, ಎರಡೆರಡಾಗಿ ಕಾಣುವುದು, ಕೈಕಾಲು ಜೋಮು ಹಿಡಿಯುವುದು ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕತ್ತು ನೋಯುತ್ತಿದ್ದರೆ ತಿಳಿದವರು ಬರುವ ತನಕ ಎತ್ತಿ ಕೂರಿಸಬಾರದು. ಎರಡು ದಿನ ವಿಶ್ರಾಂತಿ. ಅನಂತರ ಮೊದಲು ಪಾಠ, ಆಮೇಲೆ ನಡಿಗೆ, ಓಟ, ಕಡೆಗೆ ಆಟ. ಪಂದ್ಯಕ್ಕೆ ಮರಳಲು ಮಕ್ಕಳಿಗೆ ಕನಿಷ್ಠ ಮೂರು ವಾರ ಮತ್ತು ವೈದ್ಯರ ಒಪ್ಪಿಗೆ ಬೇಕು.

ಮನೆಯಲ್ಲಿ ಮಾಡಬೇಕಾದ ಸಿದ್ಧತೆ

ಹಲ್ಲಿಗೆ ತೊಡುವ ಕವಚ ಅಗತ್ಯ. ನ್ಯೂಜಿಲೆಂಡಿನಲ್ಲಿ ೧೯೯೮ರಿಂದ ಎಲ್ಲ ದರ್ಜೆಯವರಿಗೂ ಅದು ಕಡ್ಡಾಯ. ಬಾಯಿಗೆ ಹೊಂದುವಂಥದ್ದನ್ನೇ ಕೊಡಿಸಿ. ತಲೆಗೆ ತೊಡುವ ಮೆತ್ತನೆಯ ಟೊಪ್ಪಿಗೆ ಕಿವಿ, ಚರ್ಮ ಉಳಿಸುತ್ತದೆ. ಮಿದುಳಿನ ಪೆಟ್ಟನ್ನು ತಡೆಯುವುದಿಲ್ಲ. ಅದನ್ನು ತೊಟ್ಟಿದ್ದೇನೆಂಬ ಧೈರ್ಯದಲ್ಲಿ ತಲೆ ಮುಂದೆ ಮಾಡುವ ಹುಡುಗನಿಗೆ ಅಪಾಯವೇ ಹೆಚ್ಚು. ಬೂಟಿನ ಮೊಳೆಗಳು ಚೂಪಾಗಿರಬಾರದು, ಉಗುರು ಕತ್ತರಿಸಿರಬೇಕು, ಉಂಗುರ, ಸರ ತೆಗೆದಿರಬೇಕು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ್ದು ಯಾವಾಗ ಎಂಬುದನ್ನು ನೋಡಿಕೊಳ್ಳಿ. ಊಟಕ್ಕೆ ವಿಶೇಷ ಪುಡಿ ಡಬ್ಬಿಗಳು ಬೇಕಿಲ್ಲ. ಆಟಕ್ಕೆ ಎರಡು ಮೂರು ಗಂಟೆ ಮೊದಲು ಅಕ್ಕಿರೊಟ್ಟಿಯೋ ಇಡ್ಲಿಯೋ, ಒಂದು ಬಾಳೆಹಣ್ಣು, ಆಗಾಗ ನೀರು ಸಾಕು.

ಹೆತ್ತವರ ಸಿದ್ಧತೆ ಇದಕ್ಕಿಂತ ಕಷ್ಟದ್ದು. ಮೈದಾನದ ಅಂಚಿನಲ್ಲಿ ನಿಂತು “ಕೆಡವೋ ಅವನನ್ನ” ಎಂದು ಕೂಗಬಾರದು. ರೆಫರಿಯನ್ನು ಬೈಯಬಾರದು, ಹುಡುಗರು ಅದನ್ನೇ ಕಲಿಯುತ್ತಾರೆ. ಮನೆಗೆ ಬರುವ ದಾರಿಯಲ್ಲಿ ತಪ್ಪುಗಳ ಪಟ್ಟಿ ಓದಬಾರದು, “ಖುಷಿಯಾಯಿತೇ? ಎಲ್ಲಾದರೂ ನೋವಿದೆಯೇ?” ಎಂಬ ಎರಡು ಪ್ರಶ್ನೆ ಸಾಕು. ಎರಡನೆಯದಕ್ಕೆ “ಇದೆ” ಎಂದು ಉತ್ತರಿಸಿದ ಮಗುವಿಗೆ ಅಂಜುಬುರುಕನೆಂಬ ಹೆಸರು ಎಂದೂ ಕೊಡಬಾರದು. ಅದು ನನ್ನ ಅನುಭವದ ಮಾತು.

ಆಡುವುದೇ ಬೇಡವೆಂದು ನಾನು ಹೇಳಲಾರೆ. ತಮ್ಮನ ಮಗ ಆ ಊರಿಗೆ ಹೊಸಬನಾಗಿ ಹೋದಾಗ ಮಾತು ಬಾರದೆ ಮೂಲೆ ಹಿಡಿದಿದ್ದನಂತೆ. ಆಟಕ್ಕೆ ಸೇರಿದ ಮೇಲೆ ಹದಿನಾಲ್ಕು ಜನ ಗೆಳೆಯರಾದರು. ದಪ್ಪನೆಯವನು, ತೆಳ್ಳನೆಯವನು, ಕುಳ್ಳ, ಎತ್ತರದವನು ಎಲ್ಲರಿಗೂ ಈ ಆಟದಲ್ಲಿ ಒಂದೊಂದು ಜಾಗವಿದೆ. ಹೆಣ್ಣುಮಕ್ಕಳೂ ಆಡುತ್ತಾರೆ, ನಮ್ಮ ದೇಶದ ಮಹಿಳೆಯರ ತಂಡ ೨೦೧೮ರಿಂದ ಹದಿನೈದು ಜನರ ಅಂತರರಾಷ್ಟ್ರೀಯ ಪಂದ್ಯಗಳಿಗೂ ಇಳಿದಿದೆ.

ಶಾಲೆಗೆ ಬರೆದ ಪ್ರಶ್ನೆಗಳು

ಒಂದು ವ್ಯತ್ಯಾಸವನ್ನು ಮರೆಯಬಾರದು. ನ್ಯೂಜಿಲೆಂಡಿನಲ್ಲಿ ೧೯೭೪ರಿಂದ, ಯಾರ ತಪ್ಪೆಂದು ಕೇಳದೆ, ಅಪಘಾತದ ಚಿಕಿತ್ಸೆಯ ವೆಚ್ಚಕ್ಕೆ ನೆರವಾಗುವ ಸಾರ್ವಜನಿಕ ವ್ಯವಸ್ಥೆಯಿದೆ. ನಮ್ಮಲ್ಲಿ ಮೂಳೆ ಮುರಿದರೆ ಮುಂದಿನ ಅಡಿಕೆ ಕೊಯ್ಲಿನ ಹಣ ಅಲ್ಲಿಗೆ ಹೋಯಿತು. ಆದುದರಿಂದ ಆ ದಿನ ಕಚೇರಿಯಲ್ಲಿ ಕುಳಿತು ನಾವಿಬ್ಬರೂ ಸೇರಿ ಶಾಲೆಗೆ ಒಂದು ಪತ್ರ ಬರೆದೆವು. ಕೇಳಿದ್ದು ಏಳು ಪ್ರಶ್ನೆ:

೧. ಕಲಿಸುವವರು ಈ ಆಟದ ತರಬೇತಿ ಪಡೆದವರೇ?
೨. ಎಷ್ಟು ವಾರ ಕಲಿಸಿದ ಮೇಲೆ ಟ್ಯಾಕಲ್ ಆರಂಭಿಸುತ್ತೀರಿ?
೩. ವಯಸ್ಸಿನೊಡನೆ ಮೈಕಟ್ಟನ್ನೂ ನೋಡಿ ಜೊತೆ ಮಾಡುತ್ತೀರಾ?
೪. ಮೈದಾನದಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಇರುತ್ತಾರೆಯೇ? ಹತ್ತಿರದ ಆಸ್ಪತ್ರೆ ಯಾವುದು, ಕರೆದೊಯ್ಯಲು ವಾಹನ ಯಾವುದು?
೫. ತಲೆಗೆ ಪೆಟ್ಟಾದರೆ ನಿಮ್ಮ ನಿಯಮವೇನು?
೬. ವಿಮೆ ಇದೆಯೇ? ಎಷ್ಟರ ಮಟ್ಟಿಗೆ?
೭. ಹುಡುಗ ಬೇಡವೆಂದರೆ ಯಾವಾಗ ಬೇಕಾದರೂ ಬಿಡಬಹುದೇ?

ಎರಡು ವಾರದಲ್ಲಿ ಉತ್ತರ ಬಂತು. ಮೊದಲ ವರ್ಷ ಪಟ್ಟಿ ಕೀಳುವ ಆಟ ಮಾತ್ರ ಎಂದು ಬರೆದಿದ್ದರು. ತರಬೇತುದಾರರು ಕಲಿತವರು. ವಿಮೆಯ ವಿಷಯಕ್ಕೆ ಸ್ಪಷ್ಟ ಉತ್ತರವಿರಲಿಲ್ಲ. ಐದನೆಯ ಪ್ರಶ್ನೆಗೆ “ಸೂಕ್ತ ಕ್ರಮ ಕೈಗೊಳ್ಳಲಾಗುವುದು” ಎಂದಿತ್ತು. ನಮ್ಮ ಸಂಘದ ಪತ್ರಗಳಲ್ಲಿ ನಾನೂ ಆ ವಾಕ್ಯ ಬರೆಯುತ್ತೇನಾದ್ದರಿಂದ ಅದರ ಬೆಲೆ ಎಷ್ಟೆಂಬುದು ನನಗೆ ಗೊತ್ತು.

ಸದಸ್ಯರು ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಓದಿ ಹೇಳಿದರು. ಮಗನೊಡನೆ ಫೋನಿನಲ್ಲಿ ಮಾತಾಡಿದರು. ನೋವನ್ನು ಬಚ್ಚಿಡುವುದಿಲ್ಲವೆಂದು ಅಮ್ಮ ಅವನಿಂದ ಮಾತು ತೆಗೆದುಕೊಂಡರಂತೆ. ಮರುದಿನ ಕಚೇರಿಗೆ ಬಂದು ನನ್ನ ಮೇಜಿನ ಮೇಲೆಯೇ ರುಜು ಹಾಕಿದರು, ರುಜುವಿನ ಮೇಲೆ ಕನ್ನಡದಲ್ಲಿ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: “ಪಟ್ಟಿ ಕೀಳುವ ಆಟಕ್ಕೆ ಮಾತ್ರ ಒಪ್ಪಿಗೆ. ತಲೆಗೆ ಪೆಟ್ಟಾದರೆ ಆ ಕ್ಷಣವೇ ಹೊರಗೆ ಕರೆದು ನಮಗೆ ತಿಳಿಸತಕ್ಕದ್ದು. ಟ್ಯಾಕಲ್ ಆರಂಭಿಸುವ ಮೊದಲು ಮತ್ತೊಮ್ಮೆ ನಮ್ಮನ್ನು ಕೇಳತಕ್ಕದ್ದು.”

ಅದರ ನಕಲೊಂದನ್ನು ಸಂಘದ ಕಡತದಲ್ಲಿ ಇಟ್ಟಿದ್ದೇನೆ. ಇಂಥ ಕಾಗದ ಬಂದ ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದು ನೋಡಬಹುದು.